ಎರಡು ಪುಟ್ಟ ಮಕ್ಕಳ ಜೊತೆ ಕುಂದಾಪುರಕ್ಕೆ: ಕಾರೋ, ರೈಲೋ?

ರಾಜಾಜಿನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ನಾವಿರೋದು ಬೆಂಗಳೂರಿನಲ್ಲಿ, ನಮ್ಮ ಯಜಮಾನರ ಊರು ಕುಂದಾಪುರದ ಹತ್ತಿರ. ಜನವರಿಯಲ್ಲಿ ಮೈದುನನ ಮದುವೆ. ಹೋಗಲೇಬೇಕು, ಹೋಗುವ ಆಸೆಯೂ ಇದೆ. ಆದರೆ ದಾರಿ ನೆನೆಸಿಕೊಂಡರೆ ಈಗಲೇ ಎದೆ ಡವಡವ ಅನ್ನುತ್ತದೆ.

ದಸರಾ ರಜೆಯಲ್ಲಿ ಆದದ್ದು ಹೇಳ್ತೀನಿ. ಶನಿವಾರ ಬೆಳಗ್ಗೆ ಆರಕ್ಕೆ ಹೊರಡೋಣ ಅಂತ ಮಾತಾಗಿತ್ತು. ಮಕ್ಕಳನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಡಿಕ್ಕಿ ತುಂಬಿಸಿ ಕಾರು ಹತ್ತಿದಾಗ ಒಂಬತ್ತಾಗಿತ್ತು. ಗೊರಗುಂಟೆಪಾಳ್ಯದಿಂದ ನೆಲಮಂಗಲ ಟೋಲ್ ದಾಟೋಕೆ ಎರಡು ಗಂಟೆ. ಅಷ್ಟರಲ್ಲಿ ಚಿಕ್ಕವನು ಅತ್ತು ಅತ್ತು ಸುಸ್ತಾಗಿದ್ದ. ದೊಡ್ಡವಳ ಕೈಗೆ ಫೋನ್ ಕೊಟ್ಟು ಕೂರಿಸಿದೆವು. ದಾರಿಯಲ್ಲಿ ಹೋಟೆಲ್‌ನಲ್ಲಿ ಪೂರಿ ತಿಂದಳು. ಶಿರಾಡಿ ಘಾಟಿ ಇಳಿಯುವಾಗ ಮೂರು ಸಲ ವಾಂತಿ. ಮೂರನೇ ಸಲ ನನ್ನ ಮಡಿಲಿಗೇ. ಬದಲಿಸೋ ಬಟ್ಟೆಯೆಲ್ಲ ಡಿಕ್ಕಿಯಲ್ಲಿ, ದೊಡ್ಡ ಸೂಟ್‌ಕೇಸಿನ ತಳದಲ್ಲಿ. ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ ರಸ್ತೆ ಬದಿಯಲ್ಲಿ ಸೂಟ್‌ಕೇಸ್ ಬಿಚ್ಚಿದೆ. ಊರು ಸೇರಿದಾಗ ರಾತ್ರಿ ಹತ್ತು. ನಾನೂ ಯಜಮಾನರೂ ಆ ಹೊತ್ತಿಗೆ ಮಾತು ಬಿಟ್ಟಿದ್ದೆವು. ಅತ್ತೆ ಮಧ್ಯಾಹ್ನದಿಂದ ಊಟಕ್ಕೆ ಕಾಯ್ತಾ ಕೂತಿದ್ದರು. ಅವರ ಮುಖ ನೋಡಿ ನನಗೆ ಅಳು ಬಂತು.

ಈ ಸಲ ಹಾಗಾಗಬಾರದು. ಕಾರು ವಾಸಿನಾ, ರೈಲು ವಾಸಿನಾ? ಹಗಲಾ, ರಾತ್ರಿನಾ? ವಾಂತಿಗೆ ಏನು ಮಾಡ್ತೀರಿ? ಚಿಕ್ಕವನು ಹೊರಗಿನ ತಿಂಡಿ ಮುಟ್ಟಲ್ಲ, ಅವನಿಗೆ ಏನು ಕಟ್ಟಿಕೊಳ್ಳಲಿ? ಮಕ್ಕಳನ್ನು ಕರೆದುಕೊಂಡು ಓಡಾಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಎರಡು ಮಕ್ಕಳ ಅಪ್ಪ, ಬಸವನಗುಡಿ

ಟಿಕೆಟ್ ವಿಷಯ ಮಾತ್ರ ನಾನು ಹೇಳ್ತೀನಿ. ರೈಲಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಸೀಟು ಬೇಡ ಅಂದರೆ ಟಿಕೆಟ್ ಇಲ್ಲ. ಬೇಕು ಅಂದರೆ ಪೂರ್ತಿ ದರ. ಐದರಿಂದ ಹನ್ನೆರಡರೊಳಗಿನವರಿಗೂ 2016ರಿಂದ ಹೀಗೇ. ಬರ್ತ್ ಬೇಕಾದರೆ ಪೂರ್ತಿ, ಬೇಡವಾದರೆ ಅರ್ಧ. ನಿಮ್ಮ ಇಬ್ಬರು ಮಕ್ಕಳೂ ಬಿಟ್ಟಿ ಹೋಗಬಹುದು, ಆದರೆ ದೊಡ್ಡವಳಿಗೆ ದುಡ್ಡು ಕೊಟ್ಟು ಸೀಟು ತಗೊಳ್ಳಿ. ನಾಲ್ಕು ವರ್ಷದ ಮಗುವನ್ನು ಇಡೀ ದಿನ ತೊಡೆ ಮೇಲೆ ಕೂರಿಸಿಕೊಳ್ಳೋಕೆ ಆಗಲ್ಲ. ಬುಕಿಂಗ್ ಈಗ 60 ದಿನ ಮುಂಚೆ ಶುರುವಾಗುತ್ತದೆ, ಮೊದಲಿದ್ದ 120 ದಿನ ಅಲ್ಲ. ಮದುವೆ ತಾರೀಕು ನೋಡಿ ಈಗಲೇ ಲೆಕ್ಕ ಹಾಕಿಕೊಳ್ಳಿ.

ಪುತ್ತೂರಿನ ಸೊಸೆ, ವಿಜಯನಗರ

ನಿಮ್ಮದು ಓದಿ ನನಗೆ ನನ್ನದೇ ದಾರಿ ನೆನಪಾಯಿತು. ಎಂಟು ವರ್ಷದಿಂದ ವರ್ಷಕ್ಕೆ ಮೂರ್ನಾಲ್ಕು ಸಲ ಪುತ್ತೂರಿಗೆ ಹೋಗಿಬರ್ತೀವಿ. ಮಗಳಿಗೆ ಈಗ ಎಂಟು, ಮಗನಿಗೆ ಐದು. ಬಸ್ಸು, ಕಾರು, ಹಗಲು ರೈಲು, ರಾತ್ರಿ ರೈಲು ಎಲ್ಲ ನೋಡಿಯಾಗಿದೆ. ಸ್ವಲ್ಪ ಉದ್ದ ಬರೀತೀನಿ.

ಮೊದಲು ಒಂದು ಫೋನ್ ಮಾಡಿ. ಅತ್ತೆಗೆ. "ಅತ್ತೆ, ನಾವು ಯಾವಾಗ ಬರ್ತೀವೋ ಗೊತ್ತಿಲ್ಲ, ಊಟಕ್ಕೆ ಕಾಯಬೇಡಿ, ಒಂದು ಪಾತ್ರೆ ಗಂಜಿ ಮುಚ್ಚಿಟ್ಟಿರಿ ಸಾಕು" ಅಂತ ಹೇಳಿಬಿಡಿ. ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಪ್ರಯಾಣ ಬದಲಾದದ್ದು ಅಲ್ಲಿಂದಲೇ. ಅದಕ್ಕೆ ಮುಂಚೆ ಹಾಸನ ದಾಟುತ್ತಿದ್ದಂತೆ ಫೋನ್ ಶುರುವಾಗುತ್ತಿತ್ತು. ಎಲ್ಲಿದ್ದೀರಿ, ಇನ್ನೆಷ್ಟು ಹೊತ್ತು, ಎಲೆ ಹಾಕಲಾ. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಆ ಫೋನ್ ಬಂದ ಮೇಲೆ ನಮ್ಮನೆಯವರು ಗಾಡಿ ನಿಲ್ಲಿಸುತ್ತಿರಲಿಲ್ಲ. ಮಗು ಸೂಸು ಅಂದರೆ "ಇನ್ನೊಂದು ಹತ್ತು ನಿಮಿಷ" ಅನ್ನುತ್ತಿದ್ದರು. ಹತ್ತು ನಿಮಿಷ ತಡೆದುಕೊಳ್ಳೋದು ಎರಡು ವರ್ಷದ ಮಗುವಿನ ಕೈಯಲ್ಲಿ ಆಗುತ್ತಾ? ಆಮೇಲೆ ಸೀಟು ಒದ್ದೆ, ಬೈಗುಳ, ಅಳು. ಒಂದು ಸಲ ನಾನೇ ಧೈರ್ಯ ಮಾಡಿ ಅತ್ತೆಗೆ ಹೇಳಿದೆ. ಅವರಿಗೆ ಬೇಜಾರಾಗುತ್ತೆ ಅಂದುಕೊಂಡಿದ್ದೆ. "ಮೊದಲೇ ಹೇಳಬಾರದಿತ್ತಾ, ನಾನೂ ಹೊಟ್ಟೆ ತುಂಬ ಉಂಡು ಮಲಗ್ತಿದ್ದೆ" ಅಂದರು.

ಇನ್ನು ಗಾಡಿ ವಿಷಯ. ನೀವು ಯಶವಂತಪುರಕ್ಕೆ ಇಷ್ಟು ಹತ್ತಿರ ಇದ್ದೀರಿ, ನನ್ನ ಮಾತು ಕೇಳಿದರೆ ಹಗಲು ರೈಲು. ಯಶವಂತಪುರದಿಂದ ಕಾರವಾರಕ್ಕೆ ವಾರದಲ್ಲಿ ಮೂರು ದಿನ ಹಗಲು ಗಾಡಿ ಇದೆ, ಬೆಳಗ್ಗೆ ಹೊರಡುತ್ತದೆ. ಘಾಟಿಯಲ್ಲಿ ಕೆಲಸ ನಡೆಯುವಾಗ ನಿಲ್ಲಿಸೋದೂ ಉಂಟು, ಹಾಗಾಗಿ ನಿಮ್ಮ ದಿನಕ್ಕೆ ಓಡುತ್ತಾ ಅಂತ ನೋಡಿಕೊಂಡು ಬುಕ್ ಮಾಡಿ. ಕಾರಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ನಿಜ. ಆದರೆ ಮಗು ನಡೆದಾಡಬಹುದು, ಶೌಚಾಲಯ ಅಲ್ಲೇ ಇದೆ, ಅಪ್ಪನ ಕೈಯಲ್ಲಿ ಸ್ಟೀರಿಂಗ್ ಇಲ್ಲ. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಕಾರಲ್ಲಿ ಎರಡು ಮಕ್ಕಳಿಗೆ ಒಬ್ಬಳೇ ಅಮ್ಮ. ರೈಲಲ್ಲಿ ಅಪ್ಪನೂ ಇರ್ತಾರೆ.

ರಾತ್ರಿ ರೈಲಿಗೆ ಪಂಚಗಂಗಾ ಇದೆ, ಮೆಜೆಸ್ಟಿಕ್‌ನಿಂದ ಸಂಜೆ ಹೊರಡುತ್ತದೆ. ದೊಡ್ಡವರಿಗೆ ತುಂಬ ಅನುಕೂಲ. ಆದರೆ ನಿಮ್ಮ ಕಡೆ ಅದು ತಲುಪೋದು ಇನ್ನೂ ಕತ್ತಲೆ ಇರುವಾಗ. ಇಬ್ಬರು ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು, ಸಾಮಾನು ಹಿಡಿದು, ಎರಡು ಮೂರು ನಿಮಿಷದಲ್ಲಿ ಇಳಿಯಬೇಕು. ಒಂದೂವರೆ ವರ್ಷದವನು ನಿದ್ದೆಗೆಟ್ಟರೆ ಆ ಇಡೀ ದಿನ ಹಾಳು. ಮದುವೆ ಮನೆ ಬೇರೆ. ಅದರಲ್ಲೇ ಹೋಗೋದಾದರೆ ಲೋವರ್ ಬರ್ತ್ ಹಿಡಿಯಿರಿ. ಮಗುವನ್ನು ಗೋಡೆ ಕಡೆ ಮಲಗಿಸಿ, ಅಂಚಿನ ಕಡೆ ನೀವು ಮಲಗಿ. ಸೈಡ್ ಲೋವರ್ ಬೇಡ, ಓಡಾಡುವವರ ಕೈಕಾಲು ತಾಗುತ್ತಾ ಇರುತ್ತದೆ.

ಹಗಲು ರೈಲಲ್ಲಿ ಸಕಲೇಶಪುರ ಬಿಟ್ಟ ಮೇಲೆ ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರ್ ಘಾಟಿ. ಅದರಲ್ಲಿ 57 ಸುರಂಗ. ಗಾಡಿ ಗಂಟೆಗೆ 30 ಕಿಲೋಮೀಟರ್ ದಾಟಲ್ಲ. ಎರಡು ಗಂಟೆಗೂ ಮೇಲೆ ಹಿಡಿಯುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಆಟ ನಾನು ಕಂಡಿಲ್ಲ. ಮಗಳಿಗೆ ನಾಲ್ಕೂವರೆ ಇದ್ದಾಗ ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು ಹಿಂಭಾಗ ತಿರುಗಿಸಿ ಕೊಟ್ಟಿದ್ದೆ, ಒಂದು ದಪ್ಪ ಪೆನ್ಸಿಲ್ ಜೊತೆ. ಕತ್ತಲಾದರೆ ಒಂದು ಗೆರೆ. ನಾಲ್ಕು ಗೆರೆ ಆದ ಮೇಲೆ ಐದನೆಯದು ಅಡ್ಡ. ಗಾಡಿ ಸುರಂಗದೊಳಗೆ ಹೋದ ತಕ್ಷಣ ಡಬ್ಬಿಯಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದರು. ಇವಳು ಕೂಗಲಿಲ್ಲ. ಕತ್ತಲಲ್ಲೇ ಪೆನ್ಸಿಲ್ ಇಟ್ಟುಕೊಂಡು ಉಸಿರು ಹಿಡಿದು ಕಾಯುತ್ತಿದ್ದಳು, ಬೆಳಕು ಬಂದ ಮೇಲೆ ಗೆರೆ ಸರಿಯಾಗಿ ಬಿದ್ದಿದೆಯಾ ಅಂತ ಬಗ್ಗಿ ನೋಡುತ್ತಿದ್ದಳು. ಎಡಕುಮೇರಿಯಲ್ಲಿ ಗಾಡಿ ನಿಂತಾಗ ಸುತ್ತ ಬರೀ ಕಾಡು, ನೀರಿನ ಸದ್ದು. "ಅಮ್ಮಾ, ಇಲ್ಲಿ ಮನೆ ಇಲ್ವಾ?" ಅಂದಳು. ಕೊನೆಗೆ ಅವಳ ಲೆಕ್ಕ 51ಕ್ಕೆ ನಿಂತಿತು. ನಡುವೆ ಶೌಚಾಲಯಕ್ಕೆ ಹೋಗಿದ್ದಾಗ ಆರು ತಪ್ಪಿದ್ದವು. ಆ ಹಾಳೆ ಇನ್ನೂ ಅಜ್ಜನ ಕಪಾಟಿನ ಬಾಗಿಲ ಒಳಗೆ ಅಂಟಿಕೊಂಡಿದೆ.

2021ರಿಂದ ಈ ದಾರಿಯ ಹಗಲು ಗಾಡಿಗಳಿಗೆ ವಿಸ್ಟಾಡೋಮ್ ಡಬ್ಬಿಯೂ ಸೇರಿದೆ. ದೊಡ್ಡ ಗಾಜು, ಚಾವಣಿಯಲ್ಲೂ ಗಾಜು. ಚೆನ್ನಾಗಿದೆ, ಆದರೆ ದುಬಾರಿ. ಮಕ್ಕಳಿಗೆ ಸಾಮಾನ್ಯ ಕಿಟಕಿ ಸೀಟೇ ಸಾಕು ಅಂತ ನನ್ನ ಅಭಿಪ್ರಾಯ, ಗಾಳಿಯೂ ಬರುತ್ತದೆ. ಕೈ ಹೊರಗೆ ಹಾಕದ ಹಾಗೆ ಮಾತ್ರ ನೋಡಿಕೊಳ್ಳಿ, ಸುರಂಗದ ಗೋಡೆ ತುಂಬ ಹತ್ತಿರ ಬರುತ್ತದೆ.

ಕಾರೇ ಅನ್ನೋದಾದರೆ ಒಂದೇ ದಿನದಲ್ಲಿ ಹೋಗಬೇಡಿ. ಮಧ್ಯಾಹ್ನದ ಊಟ ಮುಗಿಸಿ, ಮಕ್ಕಳು ಮಲಗುವ ಹೊತ್ತಿಗೆ ಸರಿಯಾಗಿ ಹೊರಡಿ. ನೆಲಮಂಗಲ ದಾಟೋವಷ್ಟರಲ್ಲಿ ಇಬ್ಬರೂ ನಿದ್ದೆಯಲ್ಲಿರ್ತಾರೆ. ಹಾಸನ ಇಲ್ಲಿಂದ ಸುಮಾರು 185 ಕಿಲೋಮೀಟರ್. ಅಲ್ಲೋ ಸಕಲೇಶಪುರದಲ್ಲೋ ರಾತ್ರಿ ಉಳಿದುಕೊಳ್ಳಿ. ಬೆಳಗ್ಗೆ ಹೊಟ್ಟೆ ಹಗುರ ಇರುವಾಗ ಘಾಟಿ ಇಳಿಯಿರಿ. ರೂಮಿನ ಖರ್ಚು ಜಾಸ್ತಿ ಆಗುತ್ತದೆ, ಗೊತ್ತು. ಆದರೆ ನೀವು ಹೇಳಿದ ಆ ಶನಿವಾರಕ್ಕಿಂತ ಸಾವಿರ ಪಾಲು ವಾಸಿ. ಮಳೆಗಾಲದಲ್ಲಿ ಮಾತ್ರ ಘಾಟಿಯನ್ನು ನಂಬಬೇಡಿ. 2024ರ ಜುಲೈನಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಕುಸಿದು ಗಾಡಿಗಳೆಲ್ಲ ಸಿಕ್ಕಿಹಾಕಿಕೊಂಡಿದ್ದವು.

ಕೊನೆಯದಾಗಿ ಕೈಚೀಲ. ಡಿಕ್ಕಿಗೆ ಹೋಗದ ಒಂದು ಬಟ್ಟೆ ಚೀಲ, ನಿಮ್ಮ ಕಾಲ ಹತ್ತಿರ. ನನ್ನದರಲ್ಲಿ ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ, ನನಗೊಂದು ಕುರ್ತಾ (ಮಕ್ಕಳ ಬಟ್ಟೆ ಎಲ್ಲರೂ ಇಟ್ಟುಕೊಳ್ತಾರೆ, ತಮ್ಮದು ಮರೀತಾರೆ), ಮುಚ್ಚಳ ಇರುವ ಹಳೇ ಐಸ್‌ಕ್ರೀಮ್ ಡಬ್ಬಿ, ಅದರೊಳಗೆ ಮಡಚಿದ ಪೇಪರ್, ಪ್ಲಾಸ್ಟಿಕ್ ಕವರಲ್ಲಿ ಒದ್ದೆ ಟವೆಲ್, ಡೈಪರ್ ನಾಲ್ಕು. ವಾಂತಿ ಬಂದರೆ ಆ ಡಬ್ಬಿ. ಮುಚ್ಚಳ ಹಾಕಿದರೆ ವಾಸನೆ ಇಲ್ಲ. ಬರೀ ಕವರ್ ಹಿಡಿದರೆ ಘಾಟಿಯ ತಿರುವಿನಲ್ಲಿ ಅದು ಬಾಯಿ ಮುಚ್ಚಿಕೊಳ್ಳುತ್ತದೆ, ಅನುಭವದ ಮಾತು.

ಮಕ್ಕಳ ವಾರ್ಡ್ ನರ್ಸ್

ವಾಂತಿ ಬಗ್ಗೆ ನಾನು ಹೇಳ್ತೀನಿ, ದಿನಾ ಕೇಳೋ ಪ್ರಶ್ನೆ ಇದು.

ಕಿವಿಯ ಒಳಭಾಗಕ್ಕೆ ಗಾಡಿ ತಿರುಗುತ್ತಿರೋದು ಗೊತ್ತಾಗುತ್ತದೆ. ಕಣ್ಣು ಫೋನ್ ನೋಡ್ತಾ ಇದ್ದರೆ "ಏನೂ ಅಲ್ಲಾಡುತ್ತಿಲ್ಲ" ಅನ್ನುತ್ತದೆ. ಎರಡೂ ಹೊಂದದೇ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದವರಲ್ಲಿ ಇದು ಜಾಸ್ತಿ. ಎರಡರೊಳಗಿನ ಕೂಸುಗಳಿಗೆ ಅಪರೂಪ. ನಿಮ್ಮ ಚಿಕ್ಕವನಿಗೆ ಆಗದೆ ದೊಡ್ಡವಳಿಗೆ ಮಾತ್ರ ಆದದ್ದು ಅದಕ್ಕೇ. ಮಗಳ ತಪ್ಪಲ್ಲ, ಹಠವೂ ಅಲ್ಲ. ಬೈಯಬೇಡಿ.

ಘಾಟಿಯಲ್ಲಿ ಫೋನ್ ಬೇಡವೇ ಬೇಡ, ಚಿತ್ರದ ಪುಸ್ತಕವೂ ಬೇಡ. ದೂರದ ಗುಡ್ಡ ತೋರಿಸಿ. ಕಿಟಕಿ ಸ್ವಲ್ಪ ಇಳಿಸಿ. ಮಲಗಿದರೆ ಎಬ್ಬಿಸಬೇಡಿ. ಖಾಲಿ ಹೊಟ್ಟೆಯಲ್ಲಿ ಕೂರಿಸಿದರೆ ವಾಂತಿ ಆಗಲ್ಲ ಅಂತ ಕೆಲವರು ಉಪವಾಸ ಕೆಡವುತ್ತಾರೆ. ಅದೂ ಸರಿಯಲ್ಲ. ಹೊರಡೋ ಗಂಟೆ ಮುಂಚೆ ಒಂದು ಇಡ್ಲಿ, ಸ್ವಲ್ಪ ಮೊಸರನ್ನ, ಇಂಥದ್ದು ಸಾಕು. ಕರಿದದ್ದು ಬೇಡ.

ಮಾತ್ರೆ, ಸಿರಪ್ ಅಂಗಡಿಯಲ್ಲಿ ಕೇಳಿ ತರಬೇಡಿ. ಪ್ರಯಾಣದ ವಾಂತಿಗೆ ಬಳಸುವ ಪ್ರೊಮೆಥಜಿನ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೆ ತೊಂದರೆ ಆಗಬಹುದು. "ಮಗು ದಾರಿ ಪೂರ್ತಿ ಮಲಗಲಿ" ಅಂತ ಕೊಡುವವರನ್ನು ನೋಡಿದ್ದೇನೆ, ದಯವಿಟ್ಟು ಅದು ಮಾಡಬೇಡಿ. ದೊಡ್ಡವಳಿಗೆ ಬೇಕೇಬೇಕು ಅನ್ನಿಸಿದರೆ ನಿಮ್ಮ ಡಾಕ್ಟರ್ ತೂಕ ನೋಡಿ ಬರೆದುಕೊಡ್ತಾರೆ.

ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಒಂದು ಲೀಟರ್ ಪೊಟ್ಟಣ ಅಂದರೆ ಇಡೀ ಪೊಟ್ಟಣ, ಇಡೀ ಲೀಟರ್ ನೀರು. ಚಮಚದಲ್ಲಿ ಅಂದಾಜು ಮಾಡಿ ಹಾಕಬೇಡಿ. ಕಲಸಿದ್ದು 24 ಗಂಟೆ ಆದ ಮೇಲೆ ಚೆಲ್ಲಿ. ವಾಂತಿ ಆದ ಹತ್ತು ನಿಮಿಷದ ನಂತರ ಒಂದೊಂದೇ ಚಮಚ.

ರಾತ್ರಿ ಪಯಣಿಗ

ಎಲ್ಲರೂ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ರಾತ್ರಿ ಹತ್ತಕ್ಕೆ ಕಾರಲ್ಲಿ ಹೊರಡಿ. ಮಕ್ಕಳು ಮಲಗಿರ್ತಾರೆ, ಟ್ರಾಫಿಕ್ ಇರಲ್ಲ, ಬೆಳಗ್ಗೆ ಕಣ್ಣು ಬಿಟ್ಟರೆ ಸಮುದ್ರ. ನಾವು ಹಾಗೇ ಹೋಗೋದು. ಇಲ್ಲಿಯವರೆಗೆ ಏನೂ ತೊಂದರೆ ಆಗಿಲ್ಲ.

ಪುತ್ತೂರಿನ ಸೊಸೆ, ವಿಜಯನಗರ

ಅಣ್ಣಾ, ಮಕ್ಕಳು ಮಲಗ್ತಾರೆ, ಒಪ್ಪಿದೆ. ಓಡಿಸುವವರು? ದಿನವೆಲ್ಲ ಆಫೀಸ್ ಮುಗಿಸಿ ರಾತ್ರಿ ಸ್ಟೀರಿಂಗ್ ಹಿಡಿದರೆ ಘಾಟಿ ಬರೋದು ಎರಡು ಗಂಟೆ ರಾತ್ರಿಗೆ. ಒಂದು ಸಲ ನಾವೂ ಹಾಗೆ ಹೋಗಿದ್ದೆವು. ಗುಂಡ್ಯದ ಹತ್ತಿರ ನಮ್ಮನೆಯವರ ತಲೆ ಒಂದು ಕ್ಷಣ ಮುಂದಕ್ಕೆ ವಾಲಿದ್ದು ನಾನು ನೋಡಿದೆ. ಕೂಗಿದೆ. ಗಾಡಿ ಬದಿಗೆ ಹಾಕಿ ಇಬ್ಬರೂ ಬೆಳಗಾಗುವ ತನಕ ಕೂತಿದ್ದೆವು. ಆಮೇಲೆ ಇವತ್ತಿನವರೆಗೆ ರಾತ್ರಿ ಕಾರು ಹತ್ತಿಲ್ಲ. ಯಾರು ಏನೇ ಹೇಳಲಿ, ಎರಡು ಮಕ್ಕಳು ಹಿಂದೆ ಮಲಗಿರುವಾಗ ನಾನು ಇದನ್ನು ಯಾರಿಗೂ ಹೇಳಲ್ಲ.

ಮಲಗಿದ ಮಗು ಅಂದಾಗ ಇನ್ನೊಂದು ಮಾತು. ಮುಂದಿನ ಸೀಟಲ್ಲಿ ಅಮ್ಮನ ತೊಡೆ ಮೇಲೆ ಮಗು ಬೇಡ. ಬ್ರೇಕ್ ಜೋರಾಗಿ ಬಿದ್ದರೆ ನಮ್ಮ ಕೈ ಹಿಡಿಯಲ್ಲ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮಗುವಿಗೇ ಏಟು. ಹಿಂದಿನ ಸೀಟಲ್ಲಿ ಕಾರ್ ಸೀಟ್ ಹಾಕಿಸಿ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕೂರಿಸಿದರೆ 1,000 ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ. ಮಗು ಮೊದಲ ಅರ್ಧ ಗಂಟೆ ಅಳುತ್ತದೆ. ಹೊರಡೋಕೆ ಒಂದು ವಾರ ಮುಂಚೆ ಮನೆಯ ಹಾಲ್‌ನಲ್ಲೇ ಆ ಸೀಟಿಟ್ಟು ಅದರಲ್ಲೇ ತಿಂಡಿ ತಿನ್ನಿಸಿ. ನನ್ನ ಮಗ ಹಾಗೇ ಒಗ್ಗಿಕೊಂಡ.

ರಾಜಾಜಿನಗರದ ಅಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಓದ್ತಾ ಓದ್ತಾ ಅರ್ಧ ಭಾರ ಇಳಿಯಿತು. ಯಜಮಾನರಿಗೂ ಓದಿಸಿದೆ. ಹಗಲು ರೈಲಿಗೆ ಮೂರು ಸೀಟು ಬುಕ್ ಮಾಡಿದ್ದೇವೆ, ಮದುವೆಗೆ ಮೂರು ದಿನ ಮುಂಚೆ. ಅತ್ತೆಗೆ ನಿನ್ನೆ ಫೋನ್ ಮಾಡಿದೆ. "ಗಂಜಿ ಒಂದೇ ಸಾಕಾ, ಮಗುವಿಗೆ ತುಪ್ಪ ಬೇಡ್ವಾ?" ಅಂದರು. ಮಗಳು ಈಗಲೇ ಕ್ಯಾಲೆಂಡರ್ ಹಾಳೆ ತೆಗೆದಿಟ್ಟುಕೊಂಡು ದಿನಾ ಐದೈದರ ಗೆರೆ ಹಾಕಿ ಅಭ್ಯಾಸ ಮಾಡ್ತಿದ್ದಾಳೆ. 57 ಅಂದರೆ ಎಷ್ಟು ದೊಡ್ಡದು ಅಂತ ಅಪ್ಪನನ್ನು ಕೇಳಿದಳು.

ಒಂದು ಉಳಿದಿದೆ. ಚಿಕ್ಕವನ ಊಟ. ಇಡೀ ದಿನ ರೈಲಲ್ಲಿ ಅವನಿಗೆ ಏನು ಕೊಡಲಿ? ರಾಗಿ ಸರಿ ತಿನ್ನುತ್ತಾನೆ, ಆದರೆ ಅಲ್ಲಿ ಕುದಿಸೋಕೆ ಆಗಲ್ಲ ಅಲ್ವಾ?

ಪುತ್ತೂರಿನ ಸೊಸೆ, ವಿಜಯನಗರ

ಹುರಿಹಿಟ್ಟು ಒಯ್ಯಿರಿ. ಅರಳಿಸಿದ ರಾಗಿಯ ಹಿಟ್ಟು, ಕುದಿಸಬೇಕಾಗಿಲ್ಲ. ನಿಮ್ಮ ಕಡೆ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಮನೆಯಲ್ಲೇ ಮಾಡೋದಾದರೆ ಒಂದು ಪಾವು ರಾಗಿ ತೊಳೆದು, ಸೋಸಿ, ಒದ್ದೆ ಬಟ್ಟೆಯಲ್ಲಿ ರಾತ್ರಿ ಕಟ್ಟಿಡಿ. ಬೆಳಗ್ಗೆ ನೆರಳಲ್ಲಿ ಹರಡಿ ಸ್ವಲ್ಪ ಆರಿಸಿ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಹಿಡಿ ಮಾತ್ರ ಹಾಕಿ ಬಟ್ಟೆಯ ಉಂಡೆಯಿಂದ ಆಡಿಸುತ್ತಾ ಇರಿ. ಪಟಪಟ ಅಂತ ಸಿಡಿದು ಬಿಳೀ ಹೂವಾಗುತ್ತದೆ. ಜಾಸ್ತಿ ಹಾಕಿದರೆ ಅರಳಲ್ಲ, ಸೀಯುತ್ತದೆ. ಎಲ್ಲ ಆರಿದ ಮೇಲೆ ಪುಡಿ ಮಾಡಿ ಜರಡಿ ಹಿಡಿಯಿರಿ. ನಾನು ಒಂದು ಏಲಕ್ಕಿಯನ್ನೂ ಜೊತೆಗೆ ಪುಡಿ ಮಾಡ್ತೀನಿ.

ರೈಲಲ್ಲಿ ಫ್ಲಾಸ್ಕಿನ ಬಿಸಿ ನೀರು, ಎರಡು ಚಮಚ ಹಿಟ್ಟು, ಚೂರು ಬೆಲ್ಲದ ಪುಡಿ. ಗಂಟಿಲ್ಲದಂತೆ ಕಲಸಿದರೆ ಆಯಿತು. ಹಾಲು ಒಯ್ಯಬೇಡಿ, ಮಧ್ಯಾಹ್ನದ ಹೊತ್ತಿಗೆ ಒಡೆಯುತ್ತದೆ. ಬೆಳಗ್ಗೆಗೆ ಇಡ್ಲಿ, ಮಧ್ಯಾಹ್ನ ಹುರಿಹಿಟ್ಟು, ನಡುವೆ ಏಲಕ್ಕಿ ಬಾಳೆಹಣ್ಣು. ಹುರಿಹಿಟ್ಟನ್ನು ಘಾಟಿ ಶುರುವಾಗುವ ಮುಂಚೆ, ಹಾಸನ ಬಿಟ್ಟ ಕೂಡಲೇ ತಿನ್ನಿಸಿಬಿಡಿ. ಆಮೇಲೆ ಅಕ್ಕನ ಜೊತೆ ಅವನೂ ಕಿಟಕಿ ಬಿಟ್ಟು ಬರಲ್ಲ.